ಪೋಸ್ಟ್ ಡಬ್ಬದವರೆಗೆ

ಜೂನ್ ೪

ಅಕ್ಕನಿಗೆ,

ಇಲ್ಲಿ ನಾನು ಕ್ಷೇಮ ಅಂತ ಬರೆದರೆ ಸುಳ್ಳಾಗುತ್ತದೆ. ನಾನು ಇಲ್ಲಿ ಕುರ್ಚಿಯಲ್ಲಿ ಕೂತಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಸಂಜೆ ಐದರವರೆಗೆ. ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂರಲಾರದೆ ಹತ್ತನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವಳಿಗೆ ಎಂಥ ಕೆಲಸ ಸಿಕ್ಕಿದೆ ನೋಡು.

ಏನು ಕೆಲಸ ಅಂತ ಭಾವ ಕೇಳಿದ್ದರು. ಹೆರಿಗೆ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಒಂದು ರೂಮು. ನಾಲ್ಕು ಕಂಪ್ಯೂಟರು, ಒಂದು ಫ್ಯಾನು, ತೆರೆಯಲು ಬಾರದ ಒಂದು ಕಿಟಕಿ. ಬಸುರಿ ಹೆಂಗಸರಿಗೆ ಆಸ್ಪತ್ರೆಯವರು ವಾಚಿನಂಥ ಒಂದು ಪಟ್ಟಿ ಕೊಡುತ್ತಾರೆ. ಅದು ಅವರು ನಡೆದ ಹೆಜ್ಜೆಗಳನ್ನು ಎಣಿಸಿ ಅವರ ಫೋನಿಗೆ ಹೇಳುತ್ತದೆ, ಫೋನು ನಮ್ಮ ಪರದೆಗೆ ಹೇಳುತ್ತದೆ. ಪರದೆಯಲ್ಲಿ ಹೆಸರಿಲ್ಲ, ನಂಬರು ಮಾತ್ರ. ಯಾರು ಎಷ್ಟು ನಡೆದರು ಅಂತ ನೋಡಿ ಮೆಸೇಜು ಕಳಿಸುವುದು ನನ್ನ ಕೆಲಸ. ಮೆಸೇಜುಗಳೂ ಮೊದಲೇ ಬರೆದಿಟ್ಟವು, ನಾಲ್ಕೇ ನಾಲ್ಕು. ತುಂಬ ನಡೆದರೆ ‘ಭೇಷ್, ಹೀಗೇ ಮುಂದುವರಿಯಿರಿ’. ಒಂದಿಷ್ಟು ಕಡಿಮೆಯಾದರೆ ‘ಇನ್ನು ಸ್ವಲ್ಪವೇ ಬಾಕಿ’. ತೀರ ಕಡಿಮೆಯಾದರೆ ‘ನಾಳೆ ಮತ್ತೆ ಪ್ರಯತ್ನಿಸೋಣ’. ಸೊನ್ನೆಯಾದರೆ ‘ನೀವು ಚೆನ್ನಾಗಿದ್ದೀರಾ?’ ಕೂತಲ್ಲಿಂದಲೇ ಊರಿನ ಬಸುರಿಯರಿಗೆಲ್ಲ ನಡೆಯಿರಿ ನಡೆಯಿರಿ ಅನ್ನುತ್ತೇನೆ. ನಾನು ಎದ್ದು ನಿಂತರೆ ನಮ್ಮ ದೊಡ್ಡ ಸಿಸ್ಟರು, ಅಂದರೆ ಈ ರೂಮನ್ನು ನೋಡಿಕೊಳ್ಳುವ ಹಿರಿಯ ನರ್ಸು, ಕನ್ನಡಕದ ಮೇಲಿನಿಂದ ನೋಡಿ, “ಏನಮ್ಮಾ, ಕುರ್ಚೀಲಿ ಮುಳ್ಳಿದ್ಯಾ?” ಅನ್ನುತ್ತಾರೆ.

ನಿನಗೆ ನಾಲ್ಕು ತಿಂಗಳಾಯಿತು ಅಂತ ಭಾವ ಹೇಳಿದರು. ನೀನು ಹೇಳಲಿಲ್ಲ. ಇರಲಿ.

ಕಾಗದ ಯಾಕೆ ಬರೆಯುತ್ತಿದ್ದೇನೆ ಅಂದರೆ, ಫೋನಿನಲ್ಲಿ ಮಾತಾಡಿದರೆ ಮೂರನೇ ನಿಮಿಷಕ್ಕೆ ನಮ್ಮಿಬ್ಬರಿಗೂ ಜಗಳ ಹತ್ತಿಕೊಳ್ಳುತ್ತದೆ. ಮೇಲಾಗಿ ನಿನ್ನ ಫೋನು ಮನೆಮಂದಿಯೆಲ್ಲರ ಕೈಯಲ್ಲಿ ಓಡಾಡುತ್ತಿರುತ್ತದೆ. ಕಾಗದವಾದರೆ ನಿಮ್ಮತ್ತೆ ಕನ್ನಡಕ ಹುಡುಕುವಷ್ಟರಲ್ಲಿ ನೀನು ಓದಿ ಮುಗಿಸಿರುತ್ತೀಯ. ನೀನೂ ಒಂದು ಪಟ್ಟಿ ಕಟ್ಟಿಕೋ ಅಂತ ಕೇಳುವುದಿತ್ತು. ಬೇರೆ ಊರಾದರೂ ಅಡ್ಡಿಯಿಲ್ಲ, ನಿಮ್ಮ ಡಾಕ್ಟರಮ್ಮನ ಒಂದು ಚೀಟಿ ಇದ್ದರೆ ಸಾಕಂತೆ. ಒತ್ತಾಯವಿಲ್ಲ. ನಿನ್ನನ್ನು ನಡೆ ಅನ್ನುವ ಹಕ್ಕು ನನಗಿಲ್ಲ ಅಂತ ನನಗೆ ಗೊತ್ತು.

ಕಾಲಿಗೆ ಚಕ್ರ ಕಟ್ಟಿಕೊಂಡು ಕೂತಿರುವ,
ಬುಗುರಿ


ಜೂನ್ ೧೯

ಬುಗುರಿ,

ಕಾಗದ ತಲುಪಿತು. ಅಕ್ಷರ ಮಾತ್ರ ಇನ್ನೂ ಕೋಳಿ ಕೆದರಿದ ಹಾಗೇ ಇದೆ.

ಹೇಳಲಿಲ್ಲ ಅಂತ ಕೋಪ ಬೇಡ. ಈ ಸಲ ಯಾರಿಗೂ ನಾನಾಗಿ ಹೇಳಿಲ್ಲ. ಹೊಲಿಸಲು ಬರುವವರೇ ನೋಡಿ ತಿಳಿದುಕೊಳ್ಳುತ್ತಾರೆ. ಮೊನ್ನೆ ಒಬ್ಬಳು, “ಏನಕ್ಕಾ, ಅಳತೆ ತಗೊಳ್ಳೋರ ಅಳತೇನೇ ಬದಲಾಗಿದೆಯಲ್ಲ” ಅಂದಳು.

ಎಲ್ಲ ಸರಿಯಾಗಿದೆ, ದಿನಾ ನಡೆಯಿರಿ ಅಂತ ಡಾಕ್ಟರಮ್ಮ ಅನ್ನುತ್ತಾರೆ. ಅತ್ತೆ ಎದ್ದರೆ ಕೂತ್ಕೋ ಅನ್ನುತ್ತಾರೆ, ಕೂತರೆ ಮಲಕ್ಕೋ ಅನ್ನುತ್ತಾರೆ. ನಾನು ಇಬ್ಬರಿಗೂ ಹೂಂ ಅಂದು ಹೊಲಿಗೆ ಮೆಷಿನ್ನಿನ ಮುಂದೆ ಕೂರುತ್ತೇನೆ. ಬೀದಿಗೆ ಇಳಿದು ಬಹಳ ದಿನವಾಯಿತು. ಔಷಧಿ ಅಂಗಡಿಗೂ ನಿನ್ನ ಭಾವನೇ, ಬೀದಿಯ ತುದಿಯಲ್ಲಿರುವ ಪೋಸ್ಟ್ ಡಬ್ಬಕ್ಕೂ ನಿನ್ನ ಭಾವನೇ. ಈ ಕಾಗದವನ್ನೂ ಅವರೇ ಹಾಕುತ್ತಾರೆ.

ಪಟ್ಟಿ ಕಳಿಸು. ಡಾಕ್ಟರಮ್ಮನ ಚೀಟಿ ಇದರ ಜೊತೆಗಿದೆ. ಅತ್ತೆಗೆ ಹೇಳಿದೆ. “ವಾಚ್ ಕಟ್ಕೊಂಡ್ರೆ ಮಗು ಟೈಮಿಗೆ ಸರಿಯಾಗಿ ಬರತ್ತೇನೇ?” ಅಂದರು. ತಮಾಷೆಗೆ ಅಂದರೋ ನಿಜಕ್ಕೇ ಕೇಳಿದರೋ, ಈ ಮನೆಗೆ ಬಂದು ಏಳು ವರ್ಷವಾದರೂ ನನಗೆ ಹೇಳಲು ಬರುವುದಿಲ್ಲ.

ಹಕ್ಕು ಗಿಕ್ಕು ಅಂತೆಲ್ಲ ಬರೆಯಬೇಡ.

ಅಕ್ಕ


ಜುಲೈ ೨೦

ಅಕ್ಕನಿಗೆ,

ನಂಬರು ಇನ್ನೂರ ಹದಿನಾಲ್ಕು ಅಂದರೆ ನೀನು. ಸಿಸ್ಟರನ್ನು ಕಾಡಿ ಬೇಡಿ ನಿನ್ನನ್ನು ನನ್ನ ಪಾಲಿಗೇ ಹಾಕಿಸಿಕೊಂಡಿದ್ದೇನೆ. ಎರಡು ವಾರದಿಂದ ನಿನಗೆ ಭೇಷ್ ಕಳಿಸುತ್ತಿರುವವಳು ನಾನೇ.

ನಿಜ ಹೇಳಬೇಕೆಂದರೆ ನೀನು ಪಟ್ಟಿಯನ್ನು ಡಬ್ಬಿಯಿಂದ ತೆಗೆಯುವುದೇ ಇಲ್ಲ ಅಂದುಕೊಂಡಿದ್ದೆ. ಇಲ್ಲಿ ನೋಡಿದರೆ ಏಳು ಸಾವಿರ, ಎಂಟು ಸಾವಿರ. ನಮ್ಮಲ್ಲಿ ಇಟ್ಟಿರುವ ಗುರಿಯೇ ಆರು ಸಾವಿರ. ಸಿಸ್ಟರು ಪರದೆಗೆ ಮುಖ ತಂದು ಎರಡು ಸಲ ಓದಿದರು. “ನಿಮ್ಮಕ್ಕ ಏನು ಪೋಸ್ಟ್‌ಮನ್ನಾ?” ಅಂದರು. ಇಲ್ಲ, ಟೈಲರು ಅಂದೆ. “ಹಾಗಾದ್ರೆ ಬಟ್ಟೆ ಹೊಲಿದು ಮನೆಮನೆಗೆ ಕೊಟ್ಟು ಬರ್ತಾರೆ ಅನ್ನು” ಅಂದರು. ನಾನು ಹೆಮ್ಮೆಯಿಂದ ನಕ್ಕೆ.

ನಿನ್ನನ್ನು ಸೋಲಿಸಬೇಕು ಅಂತ ನಾನೂ ಒಂದು ಪಟ್ಟಿ ಕಟ್ಟಿಕೊಂಡು ನಾಲ್ಕು ದಿನ ಬಸ್ಸು ಬಿಟ್ಟು ನಡೆದು ಹೋದೆ. ಕಾಲು ಬಿದ್ದುಹೋದವು, ಐದು ಸಾವಿರ ದಾಟಲಿಲ್ಲ. ನೀನು ಅದು ಹೇಗೆ ನಡೆಯುತ್ತೀ, ಯಾವ ಬೀದಿಯಲ್ಲಿ ನಡೆಯುತ್ತೀ, ಜೊತೆಗೆ ಯಾರು ಬರುತ್ತಾರೆ, ಬರಿ.

ಐದನೇ ತಿಂಗಳು ದಾಟಿತು. ಇಲ್ಲಿನ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಒಂದು ಗೀಟು ಎಳೆದಿದ್ದೇನೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ನಿನ್ನ,
ಬುಗುರಿ


ಆಗಸ್ಟ್ ೧೪

ಬುಗುರಿ,

ನಿನ್ನ ಭೇಷ್‌ಗಳು ದಿನಾ ಬರುತ್ತವೆ. ಅತ್ತೆ ಅವನ್ನು ನಿನ್ನ ಭಾವನಿಂದ ಓದಿಸಿ, ಹಿತ್ತಲ ಗೋಡೆಯಾಚೆಯ ಮನೆಯವರಿಗೆ ಕೇಳುವ ಹಾಗೆ ಇನ್ನೊಂದು ಸಲ ತಾವೇ ಹೇಳುತ್ತಾರೆ.

ರಕ್ತದಲ್ಲಿ ಸಕ್ಕರೆ ಬಂದಿದೆ. ಬಸಿರಿನಲ್ಲಿ ಕೆಲವರಿಗೆ ಹಾಗಾಗುತ್ತದಂತೆ, ಹೆರಿಗೆಯಾದ ಮೇಲೆ ಹೋಗುತ್ತದಂತೆ. ನಿಮ್ಮ ರೂಮಿನಿಂದ ಬಂದ ಕಾಗದ ನೋಡಿ ಡಾಕ್ಟರಮ್ಮ, “ಇಷ್ಟು ನಡೆದೂ ಇಳಿದಿಲ್ಲ ಅಂದ್ರೆ ಊಟಾನೇ ಕಡಿಮೆ ಮಾಡ್ಬೇಕು” ಅಂದರು. ಮಾಡಿದ್ದೇನೆ. ಅದಕ್ಕೂ ಜಗ್ಗದಿದ್ದರೆ ಇಂಜೆಕ್ಷನ್ ಅಂತೆ. ಹಸಿವಾಗುತ್ತದೆ ಬುಗುರಿ. ಸೂಜಿಗೆ ದಾರ ಪೋಣಿಸುವಾಗ ಒಂದು ಸೂಜಿ ಎರಡಾಗಿ ಕಾಣುತ್ತದೆ. ಮಗು ಮಾತ್ರ ಒಳಗೆ ಚೆನ್ನಾಗಿ ಒದೆಯುತ್ತದೆ. ನಿನ್ನ ಹಾಗೆ, ಒಂದು ಕಡೆ ಇರುವುದಿಲ್ಲ.

ಶಾಲೆ ಯೂನಿಫಾರಮ್ಮಿನ ಕೆಲಸ ಜೋರಾಗಿದೆ. ಭಾನುವಾರ ಒಂದು ದಿನ ಮೆಷಿನ್ನಿಗೆ ಬಟ್ಟೆ ಹೊದಿಸುತ್ತೇನೆ. ನಿನ್ನ ಪಟ್ಟಿಯನ್ನು ಕೈಗೆ ಕಟ್ಟಿದರೆ ದಾರ ಸಿಕ್ಕಿಕೊಳ್ಳುತ್ತಿತ್ತು, ಅದಕ್ಕೆ ಮೊದಲ ದಿನದಿಂದಲೂ ಕಾಲಿಗೆ ಕಟ್ಟಿದ್ದೇನೆ. ತೊಂದರೆಯಿಲ್ಲ ತಾನೆ?

ಯಾವ ಬೀದಿ ಅಂತೆಲ್ಲ ಕೇಳಿದ್ದೀಯ. ಬೀದಿ ಬೀದಿಯ ಹಾಗೇ ಇದೆ.

ಅಕ್ಕ


ಸೆಪ್ಟೆಂಬರ್ ೨

ಅಕ್ಕನಿಗೆ,

ನಿನ್ನ ಕಾಗದ ಎರಡು ವಾರದಿಂದ ನನ್ನ ಚೀಲದಲ್ಲಿದೆ. ‘ತೊಂದರೆಯಿಲ್ಲ ತಾನೆ’ ಅನ್ನುವ ಒಂದು ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಹಾಗಾಯಿತು. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ನಮ್ಮ ಪರದೆಯಲ್ಲಿ ದಿನದ ಮೊತ್ತವನ್ನಷ್ಟೇ ಅಲ್ಲ, ಯಾವ ಗಂಟೆಯಲ್ಲಿ ಎಷ್ಟು ಹೆಜ್ಜೆ ಅಂತಲೂ ತೆರೆದು ನೋಡಬಹುದು. ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ. ನಾನು ನೋಡಿದೆ. ಉಳಿದ ಹೆಂಗಸರು ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು, ನಡುವೆ ಅಡುಗೆಮನೆಗೂ ಅಂಗಳಕ್ಕೂ ಅಂತ ಚೂರುಚೂರಾಗಿ ನಡೆಯುತ್ತಾರೆ. ನೀನು ಹತ್ತು ಗಂಟೆಗೆ ಶುರುಮಾಡಿ ಒಂದಕ್ಕೆ ನಿಲ್ಲಿಸುತ್ತೀಯ. ಎರಡೂವರೆಗೆ ಶುರುಮಾಡಿ ಆರಕ್ಕೆ ನಿಲ್ಲಿಸುತ್ತೀಯ. ಭಾನುವಾರ ತೊಂಬತ್ತು ಹೆಜ್ಜೆ. ಪ್ರತಿ ಭಾನುವಾರವೂ ಹಾಗೇ.

ಆದರೂ ನನಗೆ ನಂಬಿಕೆ ಬರಲಿಲ್ಲ. ನನ್ನ ರೂಮಿನ ಕೆಳಗಿನ ಟೈಲರ್ ಅಂಗಡಿಗೆ ಪಟ್ಟಿ ತೆಗೆದುಕೊಂಡು ಹೋದೆ.

“ಅಣ್ಣಾ, ಹತ್ತು ನಿಮಿಷ ನಿಮ್ಮ ಮೆಷಿನ್ ತುಳೀಲಾ?”

“ಏನು ಹೊಲೀಬೇಕಿತ್ತು?”

“ಏನೂ ಇಲ್ಲ. ತುಳಿದ್ರೆ ಸಾಕು.”

“ಮನೇಲಿ ಯಾರಾದ್ರೂ ದೊಡ್ಡೋರಿದಾರೇನಮ್ಮಾ?” ಅಂತ ಕೇಳಿದ. ಆದರೂ ಎದ್ದು ಜಾಗ ಬಿಟ್ಟುಕೊಟ್ಟ.

ಕಾಲಿಗೆ ಪಟ್ಟಿ ಕಟ್ಟಿಕೊಂಡು ಹತ್ತು ನಿಮಿಷ ತುಳಿದೆ. ಐನೂರ ಹತ್ತು ಹೆಜ್ಜೆ. ನಾನು ಸ್ಟೂಲಿನಿಂದ ಮೇಲೆ ಎದ್ದಿರಲೇ ಇಲ್ಲ.

ಅಕ್ಕ, ಇಷ್ಟು ದಿನ ನಡೆದದ್ದು ಮೆಷಿನ್ನು. ನೀನಲ್ಲ.

ಇದು ನಿನಗೆ ಗೊತ್ತಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿದೆ ಅಂತ ಅನ್ನಿಸುತ್ತದೆ. ನೀನು ನಡೆಯುತ್ತಿದ್ದೀ ಅಂದುಕೊಂಡು ಅವರು ನಿನ್ನ ಊಟ ಕಿತ್ತುಕೊಂಡಿದ್ದಾರೆ. ಹದಿನೈದನೇ ತಾರೀಖು ಸಿಸ್ಟರು ಎಲ್ಲ ನಂಬರುಗಳ ಕಾಗದವನ್ನೂ ಡಾಕ್ಟರುಗಳಿಗೆ ಕಳಿಸುತ್ತಾರೆ. ನಿನ್ನ ಇಂಜೆಕ್ಷನ್ ಎಷ್ಟು ಅಂತ ಅದನ್ನು ನೋಡಿಯೇ ತೀರ್ಮಾನಿಸುವುದು. ಅಷ್ಟರೊಳಗೆ ನೀನೇ ಡಾಕ್ಟರಮ್ಮನಿಗೆ ಹೇಳಿಬಿಡು. ನೀನು ಹೇಳದಿದ್ದರೆ ನಾನು ಹೇಳುತ್ತೇನೆ. ಹೆದರಿಸುತ್ತಿಲ್ಲ. ಹೇಳದೆ ಕೂರಲು ನನಗೆ ಬರುವುದಿಲ್ಲ, ಅಷ್ಟೆ.

ನಿನ್ನ,
ಬುಗುರಿ


ಸೆಪ್ಟೆಂಬರ್ ೯

ಬುಗುರಿ,

ಮೊದಲು ನನಗೆ ಗೊತ್ತಿರಲಿಲ್ಲ. ಕಾಲು ಆಡಿದರೆ ಆಯಿತು, ಅದಕ್ಕೂ ಲೆಕ್ಕವಿರಬೇಕು ಅಂದುಕೊಂಡೆ. ಭೇಷ್ ಬಂತು. ಸಂತೋಷವಾಯಿತು. ನಾಲ್ಕನೆಯದೋ ಐದನೆಯದೋ ಭೇಷ್ ಬರುವ ಹೊತ್ತಿಗೆ ತಿಳಿಯಿತು. ಆಮೇಲೆ ತಿಳಿದೇ ಕಟ್ಟಿಕೊಂಡೆ. ಸುಳ್ಳು ಹೇಳಿದೆ ಅಂತ ಬೇಕಾದರೆ ಬರೆದುಕೋ.

ಅತ್ತೆಗೆ ಭೇಷ್ ಯಾವುದಕ್ಕೆ ಅಂತಲೇ ಗೊತ್ತಿಲ್ಲ. ಸೊಸೆ ಅಲುಗಾಡದೆ ಕೂತಿದ್ದಾಳೆ, ಅದಕ್ಕೇ ದೊಡ್ಡಾಸ್ಪತ್ರೆಯವರು ಮೆಚ್ಚಿಕೊಂಡಿದ್ದಾರೆ ಅಂದುಕೊಂಡಿದ್ದಾರೆ.

ನೀನು ಸುಮ್ಮನಿದ್ದುಬಿಡು. ಇಂಜೆಕ್ಷನ್ ಎಷ್ಟು ಕೊಟ್ಟರೂ ಚುಚ್ಚಿಸಿಕೊಳ್ಳುತ್ತೇನೆ. ಊಟ ಬಿಡು ಅಂದರೂ ಬಿಡುತ್ತೇನೆ. ನಡೆಯುವುದು ಮಾತ್ರ ನನ್ನಿಂದಾಗದು. ಬಾಗಿಲು ದಾಟಿದರೆ ಕಾಲು ತಣ್ಣಗಾಗುತ್ತದೆ. ಇನ್ನು ಹತ್ತೇ ವಾರ, ಕೂತು ಕಳೆದುಬಿಡುತ್ತೇನೆ.

ನನ್ನನ್ನು ನೀನು ಒಂದು ಸಲ ನಡೆಸಿದ್ದು ಸಾಕು.

ಅಕ್ಕ


ಸೆಪ್ಟೆಂಬರ್ ೧೬

ಅಕ್ಕನಿಗೆ,

ಹೇಳಿಬಿಟ್ಟೆ.

ನಿನ್ನೆ ಬೆಳಿಗ್ಗೆ ಸಿಸ್ಟರು ಕಾಗದಗಳಿಗೆ ಸಹಿ ಹಾಕುತ್ತಿದ್ದರು. ನಾನು ಎದ್ದು ನಿಂತೆ. “ಮತ್ತೆ ಮುಳ್ಳಾ?” ಅಂದರು.

“ಸಿಸ್ಟರ್, ಇನ್ನೂರ ಹದಿನಾಲ್ಕರ ಹೆಜ್ಜೆ ಸುಳ್ಳು.”

“ಅದು ನಿಮ್ಮಕ್ಕ ಅಲ್ವೇನೇ?”

“ಹೌದು.”

“ನಿನಗೆ ಯಾವಾಗಿಂದ ಗೊತ್ತು?”

ಇವತ್ತೇ ಗೊತ್ತಾಯಿತು ಅನ್ನಬಹುದಿತ್ತು. “ಎರಡು ವಾರದ ಮೇಲಾಯ್ತು” ಅಂದೆ. ಅವರು ಪೆನ್ನಿನ ಕ್ಯಾಪು ಹಾಕಿ ನಿನ್ನ ನಂಬರಿನ ಕಾಗದವನ್ನು ಹೊರಗೆಳೆದು ಪಕ್ಕಕ್ಕಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ, “ಕಾಲಿಗೆ ಕಟ್ಟಬೇಡಿ ಅಂತ ನಾವೂ ಎಲ್ಲೂ ಬರೆದಿಲ್ಲವಲ್ಲ. ಹೆಂಗಸರು ಏನು ಕೆಲಸ ಮಾಡ್ತಾರೆ ಅಂತ ಯಾರು ಕೇಳಿದ್ರು?” ಅಂದರು. ಅದನ್ನು ನನಗೆ ಹೇಳಿದ್ದಲ್ಲ, ಗೋಡೆಗೆ ಹೇಳಿದ್ದು. ಆಮೇಲೆ ನಿಮ್ಮ ಡಾಕ್ಟರಮ್ಮನಿಗೆ ತಾವೇ ಫೋನು ಮಾಡಿದರು. ಇನ್ನು ಮೇಲೆ ನಿನ್ನ ನಂಬರನ್ನು ನಾನು ನೋಡಬಹುದು, ಮುಟ್ಟುವ ಹಾಗಿಲ್ಲ. ನಿನಗೆ ಮೆಸೇಜು ಅವರೇ ಕಳಿಸುತ್ತಾರೆ.

ನೀನು ಬರೆದ ಕೊನೆಯ ಸಾಲಿಗೆ ಈಗ ಬರುತ್ತೇನೆ. ಮೂರು ವರ್ಷದಿಂದ ಅದಕ್ಕೇ ಕಾಯುತ್ತಿದ್ದೆ. ನೀನು ಬೈಯುತ್ತೀಯ ಅಂತ ಪ್ರತಿ ಸಲ ಅಂದುಕೊಂಡು ಬರುತ್ತಿದ್ದೆ, ನೀನು ಕಾಫಿ ಕೊಡುತ್ತಿದ್ದೆ.

ಆ ದಿನ ಯೂನಿಫಾರಮ್ಮಿನ ಗಂಟು ಹೊತ್ತುಕೊಂಡು ಅಂಗಡಿಯವರ ಗೋದಾಮಿಗೆ ಹೋಗಿದ್ದೆವು. ಲಿಫ್ಟು ಕೆಟ್ಟಿತ್ತು. ಸರಿಯಾಗುವವರೆಗೆ ಕಾಯೋಣ ಅಂತ ನೀನು ಅಂದೆ. “ಬಾರೇ, ನಾಲ್ಕೇ ಮಹಡಿ. ಅಜ್ಜಿ ಥರ ಆಡ್ಬೇಡ” ಅಂತ ನಾನು ಅಂದೆ. ಕಾಯಲು ನನಗೆ ಬರುವುದಿಲ್ಲವಲ್ಲ. ಮೂರನೇ ಮಹಡಿಯ ತಿರುವಿನಲ್ಲಿ ನೀನು ಕುಸಿದು ಕೂತೆ. ನಾನು ಆಗಲೂ ತಮಾಷೆ ಮಾಡುತ್ತಿದ್ದೆ. ನಿನ್ನ ಮುಖ ನೋಡಿದ ಮೇಲೆ ನಿಲ್ಲಿಸಿದೆ. ಹೊಟ್ಟೆಯಲ್ಲಿದ್ದ ಐದು ತಿಂಗಳಿನ ಮಗು ಉಳಿಯಲಿಲ್ಲ.

ಕೂರಲಾರದೆ ಶಾಲೆ ಬಿಟ್ಟೆ ಅಂತ ಎಲ್ಲರಿಗೂ ಹೇಳುತ್ತೇನೆ. ಅದು ಅರ್ಧ ನಿಜ. ಆ ಗಂಟಿನಲ್ಲಿದ್ದದ್ದು ನಮ್ಮ ಶಾಲೆಯ ಯೂನಿಫಾರಮ್ಮು. ಮುಂದಿನ ತಿಂಗಳು ನನ್ನ ಮುಂದಿನ ಬೆಂಚಿನಲ್ಲಿ ಮೂವರು, ಪಕ್ಕದಲ್ಲಿ ಇಬ್ಬರು ಅದನ್ನೇ ತೊಟ್ಟುಕೊಂಡು ಬಂದರು. ನೀನು ಕಾಲರಿನ ಒಳಗೆ ಹಾಕುವ ಎರಡನೇ ಹೊಲಿಗೆ ನನಗೆ ಕಾಣುತ್ತಿತ್ತು. ಹೇಗೆ ಕೂರಲಿ?

ಇದಿಷ್ಟೂ ನಿಜ. ನಾನು ನಿನ್ನನ್ನು ಒಂದು ಸಲ ತಪ್ಪಾಗಿ ನಡೆಸಿದೆ. ಆದರೆ ಈಗ ನಡೆ ಅನ್ನುತ್ತಿರುವವಳು ನಾನಲ್ಲ, ಡಾಕ್ಟರು. ನನ್ನ ಮೇಲಿನ ಸಿಟ್ಟನ್ನು ಈ ಮಗುವಿನ ಮೇಲೆ ಹಾಕಬೇಡ.

ಬುಗುರಿ


ಅಕ್ಟೋಬರ್ ೫

ಅಕ್ಕನಿಗೆ,

ನಿನ್ನಿಂದ ಕಾಗದವಿಲ್ಲ. ಮೂರು ಸಲ ಫೋನು ಮಾಡಿದೆ, ಮೂರು ಸಲವೂ ಅತ್ತೆಯೇ ಎತ್ತಿ “ಮಲಗಿದಾಳೆ” ಅಂದರು. ಭಾವ ನೀನು ಚೆನ್ನಾಗಿದ್ದೀಯ ಅನ್ನುತ್ತಾರೆ, ಆದರೆ ಮೆಲ್ಲಗೆ ಅನ್ನುತ್ತಾರೆ.

ಪರದೆಯಲ್ಲಿ ಹತ್ತೊಂಬತ್ತು ದಿನದಿಂದ ಸೊನ್ನೆ. ಪಟ್ಟಿ ಬಿಚ್ಚಿಟ್ಟಿದ್ದೀಯ ಅಂತ ತಿಳಿಯಿತು. ಮುಟ್ಟಬಾರದು ಅಂದಿದ್ದಾರೆ, ಮುಟ್ಟುವುದಿಲ್ಲ. ಗಂಟೆಗೊಮ್ಮೆ ತೆರೆದು ನೋಡುತ್ತೇನೆ, ಮುಚ್ಚುತ್ತೇನೆ. ಊಟದ ಬಿಡುವಿನಲ್ಲಿ ಆಸ್ಪತ್ರೆಯ ಮೆಟ್ಟಿಲುಗಳನ್ನು ಹತ್ತಿ ಇಳಿದು ಮಾಡುತ್ತೇನೆ. ಕಸ ಗುಡಿಸುವ ಅಮ್ಮ ಪೊರಕೆ ನಿಲ್ಲಿಸಿಕೊಂಡು, “ಏನಾದ್ರೂ ಕಳ್ಕೊಂಡ್ಯೇನಮ್ಮಾ?” ಅಂತ ಕೇಳಿದಳು. ಗೊತ್ತಿಲ್ಲ ಅಂದೆ.

ಸಿಸ್ಟರು ದಿನಾ ನಿನಗೆ ‘ನೀವು ಚೆನ್ನಾಗಿದ್ದೀರಾ?’ ಕಳಿಸುತ್ತಿದ್ದಾರೆ. ಅದು ಮೊದಲೇ ಬರೆದಿಟ್ಟ ಮಾತು, ನಿನಗೂ ಗೊತ್ತು. ಇದು ನಾನು ಕೈಯಾರೆ ಬರೆದದ್ದು. ಅಕ್ಕ, ಚೆನ್ನಾಗಿದ್ದೀಯಾ?

ಬುಗುರಿ


ಅಕ್ಟೋಬರ್ ೧೨

ಬುಗುರಿ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು. ಅಕ್ಷರ ಸೊಟ್ಟವಾಗಿದ್ದರೆ ಈ ಸಲ ನೀನು ನಗಬಹುದು.

ಮೊದಲು ಇವತ್ತಿನ ಸಂಗತಿ. ಇಂಜೆಕ್ಷನ್ ಶುರುವಾಗಿದೆ, ಆದರೆ ಕಡಿಮೆ ಪ್ರಮಾಣದ್ದು. ಊಟವನ್ನು ಮತ್ತೆ ಹೆಚ್ಚಿಸಿದ್ದಾರೆ. ನಿಮ್ಮ ಸಿಸ್ಟರು ಫೋನು ಮಾಡಿರದಿದ್ದರೆ ಇದರ ಎರಡರಷ್ಟು ಬರೆಯುತ್ತಿದ್ದೆ ಅಂತ ಡಾಕ್ಟರಮ್ಮ ಹೇಳಿದರು. ಊಟವಾದ ಮೇಲೆ ಹತ್ತು ಹತ್ತು ನಿಮಿಷ ನಡೆದರೆ ಇದನ್ನು ಏರಿಸುವುದು ಬೇಡವಾಗಬಹುದಂತೆ. ಮಗು ಬೆಳೆಯುತ್ತಿದೆ. ಸೂಜಿ ಈಗ ಒಂದೇ ಕಾಣುತ್ತದೆ.

ಇನ್ನು ಆ ದಿನದ್ದು.

ಆ ದಿನ ಬೆಳಿಗ್ಗೆ, ನೀನು ಗಂಟು ಹೊರಲು ಬರುವ ಮೊದಲೇ, ನನಗೆ ರಕ್ತ ಕಂಡಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಅನ್ನಿಸಿತು. ಬಟ್ಟೆ ಬದಲಾಯಿಸಿ ಬಂದು ಗಂಟು ಕಟ್ಟಿದೆ. ಲಿಫ್ಟಿಗೆ ಕಾಯೋಣ ಅಂದದ್ದು ಅದಕ್ಕೇ. ನೀನು ಬಾ ಅಂದೆ, ನಾನು ಬಂದೆ. ಆಸ್ಪತ್ರೆಯಲ್ಲಿ ಆ ಡಾಕ್ಟರು ನನಗೊಬ್ಬಳಿಗೇ ಹೇಳಿದರು, “ಮೆಟ್ಟಿಲು ಹತ್ತಿದ್ದಕ್ಕಲ್ಲಮ್ಮ, ಇದು ಮೊದಲೇ ಶುರುವಾಗಿತ್ತು” ಅಂತ. ನಾನು ಹೊರಗೆ ಬರುವಷ್ಟರಲ್ಲಿ ಅತ್ತೆ “ಆ ಹುಡುಗಿ ಮೆಟ್ಟಿಲು ಹತ್ತಿಸಿದ್ಲು” ಅಂತ ಎಲ್ಲರಿಗೂ ಹೇಳಿಯಾಗಿತ್ತು. ನೀನು ಗೋಡೆಗೆ ಒರಗಿ ನಿಂತಿದ್ದೆ. ಒಂದು ಮಾತು ಸಾಕಿತ್ತು. ಆಡಲಿಲ್ಲ. ಆ ದಿನ ಆಡದಿದ್ದದ್ದನ್ನು ಮಾರನೆಯ ದಿನ ಆಡುವುದು ಕಷ್ಟವಾಯಿತು, ಆಮೇಲೆ ಇನ್ನೂ ಕಷ್ಟವಾಯಿತು.

ಮತ್ತೆ, ಎಲ್ಲರೂ ಹೇಳಿ ಹೇಳಿ ನನಗೂ ಅದೇ ಬೇಕಾಯಿತು. ಮೆಟ್ಟಿಲೇ ಕಾರಣ ಅಂದರೆ ಮೆಟ್ಟಿಲು ಹತ್ತದೆ ಇದ್ದರಾಯಿತು, ನಡೆಯದೆ ಇದ್ದರಾಯಿತು. ಯಾವ ಕಾರಣವೂ ಇಲ್ಲ ಅಂದರೆ ನಾನು ಏನನ್ನು ಬಿಟ್ಟು ಈ ಮಗುವನ್ನು ಉಳಿಸಿಕೊಳ್ಳಲಿ? ಇಷ್ಟಕ್ಕಾಗಿ ನಿನ್ನನ್ನು ಮೂರು ವರ್ಷ ಗೋಡೆಗೆ ಒರಗಿಸಿಯೇ ನಿಲ್ಲಿಸಿದೆ. ನೀನು ಶಾಲೆ ಯಾಕೆ ಬಿಟ್ಟೆ ಅಂತ ಒಂದು ದಿನವೂ ಕೇಳಲಿಲ್ಲ. ಕೇಳಿದರೆ ನೀನು ನಿಜ ಹೇಳುತ್ತೀಯ ಅಂತ ಗೊತ್ತಿತ್ತು.

ನಿನ್ನೆ ಅತ್ತೆಗೂ ನಿನ್ನ ಭಾವನಿಗೂ ಎಲ್ಲ ಹೇಳಿದೆ. ಭಾವ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಇವತ್ತು ಬೆಳಿಗ್ಗೆ ನೋಡಿದರೆ ಅತ್ತೆ ನನ್ನ ಚಪ್ಪಲಿಯ ಧೂಳು ಒರೆಸಿ ಬಾಗಿಲಿನ ಹತ್ತಿರ ಇಟ್ಟಿದ್ದಾರೆ. “ಒಬ್ಳೇ ಹೋಗ್ತೀಯೋ, ನಾನೂ ಬರ್ಲೋ?” ಅಂದರು. ಒಬ್ಬಳೇ ಹೋಗುತ್ತೇನೆ ಅಂದೆ. “ಅರ್ಧಕ್ಕೆ ಸುಸ್ತಾದ್ರೆ ಔಷಧಿ ಅಂಗಡೀಲಿ ಸ್ಟೂಲಿದೆ, ಕೇಳಿ ಇಟ್ಟಿದೀನಿ” ಅಂದರು. ಯಾವಾಗ ಹೋಗಿ ಕೇಳಿ ಬಂದರೋ ಗೊತ್ತಿಲ್ಲ.

ಈ ಕಾಗದವನ್ನು ನಿನ್ನ ಭಾವನ ಕೈಗೆ ಕೊಡುವುದಿಲ್ಲ. ಮನೆಯಿಂದ ಔಷಧಿ ಅಂಗಡಿಯವರೆಗೆ ಸಮತಟ್ಟು, ಅಲ್ಲಿಂದ ಸ್ವಲ್ಪ ಏರು, ಏರಿನ ತುದಿಯಲ್ಲಿ ಡಬ್ಬ. ಪಟ್ಟಿಯನ್ನು ಕೈಗೆ ಕಟ್ಟಿದ್ದೇನೆ. ಮೆಷಿನ್ನಿಗೆ ಬಟ್ಟೆ ಹೊದಿಸಿದ್ದೇನೆ. ಕಾಲು ಈಗಲೂ ತಣ್ಣಗೇ ಇದೆ. ತಲುಪುತ್ತೇನೋ, ಸ್ಟೂಲಿನವರೆಗೆ ಹೋಗಿ ಹಿಂದಿರುಗುತ್ತೇನೋ, ಇದನ್ನು ಬರೆಯುವಾಗ ನನಗೆ ಗೊತ್ತಿಲ್ಲ.

ಕಾಗದ ನಿನ್ನ ಕೈಯಲ್ಲಿದ್ದರೆ ನಾನು ಡಬ್ಬದವರೆಗೆ ತಲುಪಿದೆ ಅಂತ ತಿಳಿ. ಎಷ್ಟು ಹೆಜ್ಜೆ ಅಂತ ನೀನೇ ತೆರೆದು ನೋಡಿಕೋ. ಭೇಷ್ ಬೇಡ.

ಚಪ್ಪಲಿ ಮೆಟ್ಟಿಕೊಳ್ಳುತ್ತಿರುವ,
ಅಕ್ಕ